ಮೀಟರ್‌ನಲ್ಲಿ 229.4, ಸ್ಕ್ರೀನ್‌ನಲ್ಲಿ 232.4: ಮಾಡ್‌ಬಸ್ ಅಡ್ರೆಸ್ ಬಗ್ಗೆ ಸಹಾಯ ಬೇಕು

ಪ್ಯಾನೆಲ್_ಪೀಣ್ಯ
ಎಲ್ಲರಿಗೂ ನಮಸ್ಕಾರ. ಒಂದು ಎನರ್ಜಿ ಮೀಟರ್ ತಲೆ ತಿನ್ನುತ್ತಿದೆ, ದಯವಿಟ್ಟು ನೋಡಿ.

ಮೀಟರ್ ಅನ್ನು ಆರ್‌ಎಸ್-485 (ಎರಡು ವೈರ್‌ನ ಡೇಟಾ ಲೈನ್) ಮೇಲೆ ಪಿಎಲ್‌ಸಿಗೆ (ಮೆಷಿನ್ ನಡೆಸುವ ಕಂಟ್ರೋಲರ್) ಕೊಟ್ಟಿದ್ದೇನೆ. ಪ್ರೊಟೊಕಾಲ್ (ಸಾಧನಗಳು ಮಾತಾಡುವ ಭಾಷೆ) ಮಾಡ್‌ಬಸ್ ಆರ್‌ಟಿಯು, ವೇಗ 9600 ಬಾಡ್. ಪಿಎಲ್‌ಸಿ ಓದುತ್ತದೆ, ಎಚ್‌ಎಂಐ (ಪ್ಯಾನೆಲ್‌ನ ಸ್ಕ್ರೀನ್) ತೋರಿಸುತ್ತದೆ. ಮ್ಯಾನ್ಯುವಲ್ ಪ್ರಕಾರ ಆರ್ ಫೇಸ್ ವೋಲ್ಟೇಜ್ 40101, ವೈ ಫೇಸ್ 40103, ಬಿ ಫೇಸ್ 40105. ಮೂರೂ ಫ್ಲೋಟ್ (32 ಬಿಟ್‌ನ ದಶಾಂಶ ಸಂಖ್ಯೆ), ಅಂದರೆ 16 ಬಿಟ್‌ನ ಎರಡೆರಡು ರಿಜಿಸ್ಟರ್. ಪಿಎಲ್‌ಸಿಯ ಮಾಸ್ಟರ್ ಬ್ಲಾಕ್‌ನಲ್ಲಿ ಮುಂದಿನ 4 ತೆಗೆದು 101, 103, 105 ಅಂತ ಕೊಟ್ಟಿದ್ದೇನೆ.

ಮೊದಲು ಆರ್ ಜಾಗದಲ್ಲಿ #####, ವೈ ಜಾಗದಲ್ಲಿ -0.0, ಬಿ ಜಾಗದಲ್ಲಿ ಮತ್ತೆ ##### ಬಂತು. ವರ್ಡ್ ಸ್ವಾಪ್ (ಎರಡು ರಿಜಿಸ್ಟರ್‌ಗಳ ಕ್ರಮ ಅದಲು ಬದಲು) ಆನ್ ಮಾಡಿ ನೋಡಿ ಅಂತ ಒಬ್ಬರು ಹೇಳಿದರು. ಆನ್ ಮಾಡಿದ ಕೂಡಲೇ ವೋಲ್ಟೇಜ್ ಥರ ಕಾಣುವ ನಂಬರ್‌ಗಳು ಬಂದವು. ಆದರೆ ಮೀಟರ್‌ಗೆ ಹೊಂದುತ್ತಿಲ್ಲ.

ಮೀಟರ್ ಮೇಲೆ: ಆರ್ 229.4, ವೈ 232.7, ಬಿ 230.9
ಸ್ಕ್ರೀನ್ ಮೇಲೆ: ಆರ್ 232.4, ವೈ 230.7, ಬಿ 231.9

ಸಪ್ಲೈ ಏರಿಳಿತ ಅಲ್ಲ. ಟೆಸ್ಟ್ ಕಿಟ್‌ನಿಂದ ಸ್ಥಿರ ವೋಲ್ಟೇಜ್ ಕೊಟ್ಟು ನೋಡಿದ್ದೇನೆ. ಪಿಟಿ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ರೇಷಿಯೋ ಇಲ್ಲ, ನೇರ ಕನೆಕ್ಷನ್. ಗ್ರಾಹಕರು ಮೀಟರ್ ಕೆಟ್ಟಿದೆ, ಬದಲಿಸಿ ಕೊಡಿ ಅಂತಿದ್ದಾರೆ. ಬದಲಿಸಬೇಕಾ?

ಅರ್ಥಿಂಗ್_ಅಣ್ಣ
ಕೇಬಲ್ ಶೀಲ್ಡ್ ಅರ್ಥ್ ಮಾಡಿದ್ದೀರಾ? ಪಕ್ಕದಲ್ಲಿ ಮೋಟರ್ ಡ್ರೈವ್ ಇದ್ದರೆ ನಾಯ್ಸ್ ಗ್ಯಾರಂಟಿ. ಮೊದಲು ಅದನ್ನು ನೋಡಿ.

ಲ್ಯಾಡರ್_ಲಕ್ಷ್ಮಿ
ನಾಯ್ಸ್ ಅಲ್ಲ ಅಣ್ಣ. ಆರ್‌ಟಿಯು ಫ್ರೇಮ್‌ನ (ಒಂದು ಸಂದೇಶದ) ಕೊನೆಯಲ್ಲಿ ಎರಡು ಬೈಟ್ ಸಿಆರ್‌ಸಿ (ತಪ್ಪು ಹಿಡಿಯುವ ಲೆಕ್ಕ) ಇರುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಮಾಸ್ಟರ್ ಆ ಫ್ರೇಮನ್ನೇ ಬಿಸಾಕುತ್ತದೆ. ನಾಯ್ಸ್ ಇದ್ದರೆ ಟೈಮ್‌ಔಟ್ ಬರಬೇಕು. ಪ್ರತಿ ಸಲ ಅದೇ 232.4 ಹೇಗೆ ಬರುತ್ತದೆ?

ಕ್ಯಾಲಿಬ್ರೇಷನ್_ಕಿರಣ
ಮೀಟರ್ ಕ್ಯಾಲಿಬ್ರೇಷನ್ ಮಾಡಿಸಿ. ಮೂರು ವೋಲ್ಟ್ ವ್ಯತ್ಯಾಸ ಜಾಸ್ತಿ ಆಯ್ತು.

ಲ್ಯಾಡರ್_ಲಕ್ಷ್ಮಿ
ಕ್ಯಾಲಿಬ್ರೇಷನ್ ತಪ್ಪಿದ್ದರೆ ಮೀಟರ್ ಮುಖ ಮತ್ತು ಮಾಡ್‌ಬಸ್ ಎರಡರಲ್ಲೂ ಒಂದೇ ತಪ್ಪು ನಂಬರ್ ಬರಬೇಕಿತ್ತು. ಇಲ್ಲಿ ಹಾಗಿಲ್ಲ.

@ಪ್ಯಾನೆಲ್_ಪೀಣ್ಯ, ಮೀಟರ್ ಮುಟ್ಟಬೇಡಿ. ನೀವು ಬರೆದ ಎರಡು ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟು ಪಾಯಿಂಟ್ ಆದ ಮೇಲಿನ ಅಂಕಿ ನೋಡಿ. ಮೇಲೆ .4, .7, .9. ಕೆಳಗೂ .4, .7, .9. ಈಗ ಪಾಯಿಂಟ್‌ಗೆ ಮುಂಚಿನದ್ದು ನೋಡಿ. ಆರ್ ಜಾಗಕ್ಕೆ ವೈಯ 232 ಬಂದಿದೆ. ವೈ ಜಾಗಕ್ಕೆ ಬಿಯ 230 ಬಂದಿದೆ. ಬಿ ಜಾಗಕ್ಕೆ 231 ಎಲ್ಲಿಂದ ಬಂತು? ಮ್ಯಾನ್ಯುವಲ್‌ನಲ್ಲಿ 40107 ಏನು ಅಂತ ನೋಡಿ. ಸರಾಸರಿ ವೋಲ್ಟೇಜ್ ಇರಬೇಕು, ಅದರ ಬೆಲೆ 231 ಚಿಲ್ಲರೆ ಇರಬೇಕು.

ಪ್ಯಾನೆಲ್_ಪೀಣ್ಯ
ಮೇಡಂ, 40107 ಸರಾಸರಿ ವೋಲ್ಟೇಜೇ! ಮೀಟರ್‌ನಲ್ಲಿ 231.0 ತೋರಿಸುತ್ತಿದೆ. ಪೂರ್ಣಾಂಕ ಒಂದು ಫೇಸ್‌ನದ್ದು, ದಶಾಂಶ ಇನ್ನೊಂದು ಫೇಸ್‌ನದ್ದು ಹೇಗೆ ಬರುತ್ತದೆ?

ಲ್ಯಾಡರ್_ಲಕ್ಷ್ಮಿ
ಎರಡು ತಪ್ಪು ಒಟ್ಟಿಗೆ ಸೇರಿಕೊಂಡಿವೆ. ಒಂದೊಂದೇ ಇದ್ದಿದ್ದರೆ ಸ್ಕ್ರೀನ್‌ನಲ್ಲಿ ಕಸ ಬರುತ್ತಿತ್ತು, ತಕ್ಷಣ ಗೊತ್ತಾಗುತ್ತಿತ್ತು. ಎರಡೂ ಸೇರಿದ್ದರಿಂದ ನಂಬುವಂಥ ನಂಬರ್ ಬಂದಿದೆ.

ನಿಮ್ಮ ಮೀಟರ್ ಒಳಗೆ ಈಗ ಹೀಗಿರಬೇಕು. ಬೇಕಾದರೆ ಫ್ಲೋಟ್ ಬಿಟ್ಟು ಬರೀ 16 ಬಿಟ್ ಇಂಟಿಜರ್ ಆಗಿ ಓದಿ ನೋಡಿ:

40101: 17253
40102: 26214
40103: 17256
40104: 45875
40105: 17254
40106: 58982
40107: 17255
40108: 0

ಫ್ಲೋಟ್‌ನ 32 ಬಿಟ್‌ಗಳಲ್ಲಿ ಮೊದಲನೇದು ಸೈನ್, ಆಮೇಲೆ 8 ಬಿಟ್ ಎಕ್ಸ್‌ಪೊನೆಂಟ್, ಉಳಿದ 23 ಮ್ಯಾಂಟಿಸಾ. ಅಂದರೆ ಮೇಲಿನ ವರ್ಡ್‌ನಲ್ಲಿ ಮ್ಯಾಂಟಿಸಾದ 7 ಬಿಟ್ ಮಾತ್ರ ಇರುತ್ತವೆ, 16 ಬಿಟ್ ಕೆಳಗಿನ ವರ್ಡ್‌ನಲ್ಲಿ. ಬೆಲೆ 128ರಿಂದ 256ರ ಒಳಗಿದ್ದರೆ ಆ 7 ಬಿಟ್‌ಗೆ ಪೂರ್ಣಾಂಕ ಸರಿಯಾಗಿ ಮುಗಿಯುತ್ತದೆ. 17152 ಅಂದರೆ ಸರಿಯಾಗಿ 128. ಅದಕ್ಕೆ 101 ಸೇರಿಸಿದರೆ 17253, ಅಂದರೆ 229. ಕೆಳಗಿನ ವರ್ಡ್ 26214 ಅನ್ನು 65536ರಿಂದ ಭಾಗಿಸಿ, 0.4 ಬರುತ್ತದೆ. ಕೂಡಿದರೆ 229.4.

ಈಗ ನಿಮ್ಮ ಬ್ಲಾಕ್ ಮಾಡುತ್ತಿರುವುದು ನೋಡಿ. ನೀವು 101 ಕೊಟ್ಟಿದ್ದೀರಿ. ಆ ಬ್ಲಾಕ್ 0ಯಿಂದ ಎಣಿಸುತ್ತದೆ ಅಂತ ಕಾಣುತ್ತದೆ. ವೈರ್ ಮೇಲೆ 101 ಹೋಯಿತು ಅಂದರೆ ಅದು ಮ್ಯಾನ್ಯುವಲ್‌ನ 40102. ಹಾಗಾಗಿ ಆರ್‌ಗೆ ಅಂತ 40102 ಮತ್ತು 40103 ಓದುತ್ತಿದೆ: 26214, 17256. ಇದನ್ನು ನೇರ ಕ್ರಮದಲ್ಲಿ ಫ್ಲೋಟ್ ಮಾಡಿದರೆ ಮುಂದೆ 23 ಸೊನ್ನೆ ಬರುವಷ್ಟು ದೊಡ್ಡ ನಂಬರ್. ಅದಕ್ಕೇ #####. ವೈ ಜಾಗದಲ್ಲಿ 45875, 17254. ಅದು ಸೊನ್ನೆಗೆ ತೀರಾ ಹತ್ತಿರದ ಮೈನಸ್ ನಂಬರ್, ಅದಕ್ಕೇ -0.0. ಸ್ವಾಪ್ ಮಾಡಿದ ಮೇಲೆ 17256 ಮೇಲಿನ ವರ್ಡ್ ಆಯಿತು, 26214 ಕೆಳಗಿನದು ಆಯಿತು. 232 ಮತ್ತು .4. ವೈಯ ತಲೆ, ಆರ್‌ನ ಬಾಲ.

ಸ್ವಾಪ್ ಆಫ್ ಮಾಡಿ. ಅಡ್ರೆಸ್ 100, 102, 104 ಕೊಡಿ. ಸಾಧ್ಯವಾದರೆ 100ರಿಂದ ಒಟ್ಟಿಗೆ 8 ರಿಜಿಸ್ಟರ್ ಒಂದೇ ಸಲ ಓದಿ. ಒಂದು ರಿಕ್ವೆಸ್ಟ್‌ನಲ್ಲಿ 125 ರಿಜಿಸ್ಟರ್‌ವರೆಗೆ ಓದಬಹುದು, ಸುಮ್ನೆ ಮೂರು ರಿಕ್ವೆಸ್ಟ್ ಯಾಕೆ?

ಪ್ಯಾನೆಲ್_ಪೀಣ್ಯ
229.4, 232.7, 230.9. ಮೂರೂ ಸರಿ ಬಂದವು! ಇಂಟಿಜರ್ ಆಗಿಯೂ ಓದಿದೆ. ನೀವು ಬರೆದ ನಂಬರ್‌ಗಳೇ ಇವೆ, ಕೆಲವು ಕೆಳಗಿನ ವರ್ಡ್ ಮಾತ್ರ ಸ್ವಲ್ಪ ಆಚೀಚೆ. ಗ್ರಾಹಕರಿಗೆ ಫೋಟೋ ಕಳಿಸಿದ್ದೇನೆ. ತುಂಬಾ ಥ್ಯಾಂಕ್ಸ್ ಮೇಡಂ.

ಬಿಟ್_ಬಸವ
ಲಕ್ಷ್ಮಿ ಮೇಡಂ ಹೇಳಿದ್ದು ಪಕ್ಕಾ. ಆದರೆ ಒಂದು ಸೇರಿಸಬೇಕು. ಇಲ್ಲಿಗೆ ಬರುವ ಬೇರೆಯವರು ‘ದಶಾಂಶ ಹೊಂದಿದರೆ ಅಡ್ರೆಸ್ ತಪ್ಪು’ ಅಂತ ಸೂತ್ರ ಮಾಡಿಕೊಳ್ಳಬಾರದು. ಅದು 128ರಿಂದ 256ರ ನಡುವೆ ಮಾತ್ರ ಕೆಲಸ ಮಾಡುತ್ತದೆ. ಲೈನ್ ವೋಲ್ಟೇಜ್ 415 ಇದ್ದರೆ ಮೇಲಿನ ವರ್ಡ್ ಎರಡೆರಡು ವೋಲ್ಟ್ ಹೆಜ್ಜೆ ಇಡುತ್ತದೆ. 415.3 ಅಂದರೆ ಮೇಲೆ 414, ಕೆಳಗೆ 1.3. ಫ್ರೀಕ್ವೆನ್ಸಿ 50ರ ಹತ್ತಿರ ಇದ್ದರೆ ಹೆಜ್ಜೆ 0.25. ಆಗ ಬೆರಕೆ ಇನ್ನೂ ಕಣ್ಣಿಗೆ ಬೀಳುವುದಿಲ್ಲ.

ಮೂರು ಫೇಸ್‌ಗಳ ಕರೆಂಟ್ ಹತ್ತಿರ ಹತ್ತಿರ ಇದ್ದರೆ ಈ ಥರದ ತಪ್ಪು ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ಕೂರಬಹುದು. ಅದಕ್ಕೆ ಟೆಸ್ಟ್ ಮಾಡುವಾಗ ಮೂರು ಫೇಸ್‌ಗೆ ಬೇಕಂತಲೇ ಬೇರೆ ಬೇರೆ ಬೆಲೆ ಕೊಡಿ. 100, 150, 200 ಕೊಟ್ಟು ನೋಡಿ. ಎಲ್ಲಕ್ಕೂ 230 ಕೊಟ್ಟು ‘ಓಕೆ ಬಂತು’ ಅನ್ನುವುದು ಟೆಸ್ಟ್ ಅಲ್ಲ.

ಲ್ಯಾಡರ್_ಲಕ್ಷ್ಮಿ
ಸರಿಯಾದ ಮಾತು ಬಸವ ಅವರೇ. ಬೇರೆ ಬೇರೆ ಬೆಲೆ ಕೊಡುವುದು ಬಹಳ ಮುಖ್ಯ.

ಎಚ್ಎಂಐ_ಹರ್ಷ
ಇದರಲ್ಲಿ ತಪ್ಪು ಮೀಟರ್ ಕಂಪನಿಯದ್ದು. 40101 ಅಂತ ಬರೆದು ಒಳಗೆ 100 ಇಟ್ಟರೆ ಜನ ಏನು ಮಾಡಬೇಕು? ನೇರವಾಗಿ 100 ಅಂತ ಬರೆಯಬಹುದಲ್ವಾ?

ಹಳೇ_ಮಾಡಿಕಾನ್
ಹರ್ಷ, ಮೀಟರ್‌ನವರು ಸ್ಪೆಸಿಫಿಕೇಷನ್ ಪ್ರಕಾರವೇ ಬರೆದಿದ್ದಾರೆ. ಇದು ಎಲ್ಲಿಂದ ಬಂತು ಅಂತ ಗೊತ್ತಾದರೆ ಕೋಪ ಕಡಿಮೆಯಾಗುತ್ತದೆ.

ಡಿಕ್ ಮೋರ್ಲಿ ಮತ್ತು ಅವರ ಬೆಡ್‌ಫರ್ಡ್ ಅಸೋಸಿಯೇಟ್ಸ್ ತಂಡ 1960ರ ದಶಕದ ಕೊನೆಯಲ್ಲಿ ಮಾಡಿದ ಮೊದಲ ಪಿಎಲ್‌ಸಿ ಮಾಡಿಕಾನ್ 084. ಅದು ಅವರ 84ನೇ ಪ್ರಾಜೆಕ್ಟ್, ಅದಕ್ಕೇ ಆ ಹೆಸರು. ಮಾಡಿಕಾನ್ 1979ರಲ್ಲಿ ಮಾಡ್‌ಬಸ್ ತಂದಿತು. ಅವರ ಕಂಟ್ರೋಲರ್‌ಗಳಲ್ಲಿ ಮೊದಲ ಅಂಕಿಯೇ ಅದು ಯಾವ ಜಾತಿಯ ಮೆಮೊರಿ ಅಂತ ಹೇಳುತ್ತಿತ್ತು. 0 ಅಂದರೆ ಕಾಯಿಲ್ (ಆನ್, ಆಫ್ ಔಟ್‌ಪುಟ್ ಬಿಟ್). 1 ಅಂದರೆ ಡಿಸ್ಕ್ರೀಟ್ ಇನ್‌ಪುಟ್. 3 ಅಂದರೆ ಇನ್‌ಪುಟ್ ರಿಜಿಸ್ಟರ್. 4 ಅಂದರೆ ಹೋಲ್ಡಿಂಗ್ ರಿಜಿಸ್ಟರ್ (ಓದಲೂ ಬರೆಯಲೂ ಬರುವುದು). ಉಳಿದ ನಾಲ್ಕು ಅಂಕಿ ಕ್ರಮಸಂಖ್ಯೆ, 1ರಿಂದ ಶುರು. ಲ್ಯಾಡರ್ (ಪಿಎಲ್‌ಸಿ ಪ್ರೋಗ್ರಾಂ) ಬರೆಯುವವನಿಗೆ ಇದು ಬಹಳ ಅನುಕೂಲ. 40012 ಅಂತ ನೋಡಿದ ಕೂಡಲೇ ಹನ್ನೆರಡನೇ ಹೋಲ್ಡಿಂಗ್ ರಿಜಿಸ್ಟರ್ ಅಂತ ಗೊತ್ತಾಗುತ್ತಿತ್ತು.

ಆದರೆ ವೈರ್ ಮೇಲೆ ಆ 4 ಹೋಗುವುದೇ ಇಲ್ಲ. ಅದರ ಕೆಲಸವನ್ನು ಫಂಕ್ಷನ್ ಕೋಡ್ ಮಾಡುತ್ತದೆ. ಪೀಣ್ಯದ ಹುಡುಗನ ರಿಕ್ವೆಸ್ಟ್ ನೋಡಿ: 01 03 00 64 00 02, ಕೊನೆಗೆ ಸಿಆರ್‌ಸಿ. 01 ಮೀಟರ್ ನಂಬರ್, 03 ಹೋಲ್ಡಿಂಗ್ ರಿಜಿಸ್ಟರ್ ಓದು, 00 64 ಹೆಕ್ಸ್ (16ರ ಆಧಾರದ ಎಣಿಕೆ), ಅಂದರೆ ದಶಮಾನದಲ್ಲಿ 100, 00 02 ಅಂದರೆ ಎರಡು ರಿಜಿಸ್ಟರ್. ಒಂದನೆಯದರ ಅಡ್ರೆಸ್ 0, ನೂರ ಒಂದನೆಯದರ ಅಡ್ರೆಸ್ 100. ಮಾಡ್‌ಬಸ್ ಸ್ಪೆಸಿಫಿಕೇಷನ್‌ನಲ್ಲೇ 1ರಿಂದ ಎಣಿಸುವ ನಂಬರ್ ಬೇರೆ, 0ಯಿಂದ ಎಣಿಸುವ ಅಡ್ರೆಸ್ ಬೇರೆ ಅಂತ ಸ್ಪಷ್ಟವಾಗಿ ಇದೆ.

ಎಚ್ಎಂಐ_ಹರ್ಷ
ಸರ್, ಸ್ಪೆಸಿಫಿಕೇಷನ್‌ನಲ್ಲಿ ಇದ್ದರೆ ಸಾಕಾ? ಸೈಟ್‌ನಲ್ಲಿ ನಿಂತವನ ಕೈಯಲ್ಲಿ ಮೀಟರ್ ಜೊತೆ ಬಂದ ಎರಡು ಹಾಳೆ ಮಾತ್ರ ಇರುತ್ತದೆ. ಅದರಲ್ಲಿ 0ಯಿಂದಲೋ 1ರಿಂದಲೋ ಅಂತ ಒಂದು ಸಾಲು ಇಲ್ಲ. ವರ್ಡ್ ಆರ್ಡರ್ ಅಂತೂ ಕೇಳಲೇಬೇಡಿ.

ಹಳೇ_ಮಾಡಿಕಾನ್
ಅದು ಒಪ್ಪುವ ಮಾತು. ವರ್ಡ್ ಆರ್ಡರ್ ವಿಷಯದಲ್ಲಿ ಸ್ಪೆಸಿಫಿಕೇಷನ್ ಕೂಡ ಕೈ ಕೊಡುತ್ತದೆ. ಒಂದು ರಿಜಿಸ್ಟರ್ ಒಳಗೆ ದೊಡ್ಡ ಬೈಟ್ ಮೊದಲು ಅಂತ ಹೇಳುತ್ತದೆ. ಎರಡು ರಿಜಿಸ್ಟರ್ ಸೇರಿ 32 ಬಿಟ್ ಆದಾಗ ಯಾವ ರಿಜಿಸ್ಟರ್ ಮೊದಲು ಅಂತ ಹೇಳುವುದಿಲ್ಲ. ಮಾಡ್‌ಬಸ್‌ಗೆ ಫ್ಲೋಟ್ ಅನ್ನುವುದೇ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬಿಟ್ ಮತ್ತು 16 ಬಿಟ್ ರಿಜಿಸ್ಟರ್ ಮಾತ್ರ. ಅದಕ್ಕೇ ನಾಲ್ಕು ಬೈಟ್‌ಗಳನ್ನು ಎ, ಬಿ, ಸಿ, ಡಿ ಅಂತ ಕರೆದರೆ ಎಬಿಸಿಡಿ, ಸಿಡಿಎಬಿ, ಬಿಎಡಿಸಿ, ಡಿಸಿಬಿಎ ಅಂತ ನಾಲ್ಕು ಥರ ಬಳಕೆಗೆ ಬಂದವು.

ಟ್ಯಾಗ್_ತೇಜಸ್
ಈ ಕಾಲದಲ್ಲೂ 40001 ಬಗ್ಗೆ ಜಗಳ ಆಡಬೇಕಾ? ಓಪಿಸಿ ಯುಎ ಪ್ರೊಟೊಕಾಲ್ ಹಾಕಿ. ಹೆಸರು ಕೊಟ್ಟರೆ ಬೆಲೆ ಬರುತ್ತದೆ, ಅದರ ಜೊತೆ ಅದು ಫ್ಲೋಟಾ ಇಂಟಿಜರಾ ಅಂತಲೂ ಬರುತ್ತದೆ. ಕಂಟ್ರೋಲ್‌ಲಾಜಿಕ್ಸ್ ಪಿಎಲ್‌ಸಿಯಲ್ಲಿ ಟ್ಯಾಗ್ (ನಂಬರ್ ಬದಲು ಹೆಸರು) ಬಂದು ಎಷ್ಟೋ ಕಾಲ ಆಯ್ತು. ನಂಬರ್ ಅಡ್ರೆಸ್ ಸತ್ತಿದೆ.

ಪ್ಯಾನೆಲ್_ಪೀಣ್ಯ
ತೇಜಸ್ ಅಣ್ಣ, ನಾನು ಹಾಕುವ ಮೀಟರ್‌ನಲ್ಲಿ ಇರುವುದೇ 485ರ ಎರಡು ಟರ್ಮಿನಲ್. ಓಪಿಸಿ ಯುಎ ಎಲ್ಲಿಂದ ತರಲಿ?

ಹುಬ್ಬಳ್ಳಿ_ಡ್ರೈವ್ಸ್
ಅದಾ ಮಾತು. ಹುಬ್ಬಳ್ಳಿ, ಬೆಳಗಾವಿ ಕಡೆ ಫೌಂಡ್ರಿಗಳಲ್ಲಿ ಬಂದು ನೋಡಿ. ಮೀಟರ್, ಡ್ರೈವ್, ಟೆಂಪರೇಚರ್ ಕಂಟ್ರೋಲರ್ ಎಲ್ಲ 485 ಮೇಲೇ ಇವೆ. ನಂಬರ್ ಅಡ್ರೆಸ್ ಸತ್ತಿಲ್ಲ ರೀ.

ನಾನು ಇನ್ನೊಂದು ಥರದ ಗೊಂದಲ ಹೇಳುತ್ತೇನೆ. ಒಂದು ಡ್ರೈವ್‌ನಲ್ಲಿ ರನ್ ಕಮಾಂಡ್ 2000, ಫ್ರೀಕ್ವೆನ್ಸಿ ಕಮಾಂಡ್ 2001 ಅಂತ ಮ್ಯಾನ್ಯುವಲ್‌ನಲ್ಲಿದೆ. ನಂಬರ್ ಆದ ಮೇಲೆ ಸಣ್ಣದಾಗಿ ಒಂದು ಎಚ್ ಇದೆ. ಅದು ಹೆಕ್ಸ್. ಹುಡುಗರು ನೇರವಾಗಿ 2001 ಅಂತ ದಶಮಾನದಲ್ಲಿ ಹಾಕುತ್ತಾರೆ. ಹಾಕಬೇಕಾದ್ದು 8193. 1ರಿಂದ ಎಣಿಸುವ ಎಚ್‌ಎಂಐ ಆದರೆ 48194. ಆ ಡ್ರೈವ್‌ನಲ್ಲಿ 2001 ದಶಮಾನ ಅಡ್ರೆಸ್ ಇಲ್ಲ, ಹಾಗಾಗಿ ಎಕ್ಸೆಪ್ಷನ್ 02 ಬರುತ್ತದೆ. ಅಂದರೆ ಆ ಅಡ್ರೆಸ್ ನನ್ನಲ್ಲಿಲ್ಲ ಅಂತ ಡ್ರೈವ್ ಬಾಯಿಬಿಟ್ಟು ಹೇಳುತ್ತದೆ. ಆದರೂ ಎಷ್ಟೋ ಜನ ಕೇಬಲ್ ಬದಲಿಸುತ್ತ ಕೂರುತ್ತಾರೆ. ಎಕ್ಸೆಪ್ಷನ್ ಬಂತು ಅಂದರೆ ಕೇಬಲ್ ಸರಿ ಇದೆ ಅಂತಲೇ ಅರ್ಥ!

ಓದುವಾಗ ಒಂದು ಸರಿದರೆ ತಪ್ಪು ನಂಬರ್ ಕಾಣುತ್ತದೆ, ಅಷ್ಟೇ. ಬರೆಯುವಾಗ ಒಂದು ಸರಿದರೆ ಫ್ರೀಕ್ವೆನ್ಸಿಯ ನಂಬರ್ ಹೋಗಿ ರನ್ ಕಮಾಂಡ್ ಜಾಗದಲ್ಲಿ ಕೂರುತ್ತದೆ. ಮೋಟರ್ ಏನು ಮಾಡುತ್ತದೆ ಅನ್ನುವುದು ಆ ಬಿಟ್‌ಗಳ ಮೇಲೆ. ಬೆಲ್ಟ್ ಮೇಲೆ ಕೈ ಇಟ್ಟುಕೊಂಡವನಿಗೆ ಇದು ಪ್ರಾಣದ ಪ್ರಶ್ನೆ. ಮೊದಲ ಸಲ ಬರೆಯುವಾಗ ಮೋಟರ್ ಕೇಬಲ್ ಬಿಚ್ಚಿಟ್ಟೇ ಬರೆಯಿರಿ.

ಬಿಟ್_ಬಸವ
ಹುಬ್ಬಳ್ಳಿ ಅಣ್ಣನ ಕೊನೇ ಮಾತನ್ನು ಎಲ್ಲರೂ ಪಾಲಿಸಬೇಕು.

ಟ್ಯಾಗ್_ತೇಜಸ್
ಹಳೇ ಸಾಧನಗಳಿಗೆ ಮಾಡ್‌ಬಸ್ ಬೇಕು, ಒಪ್ಪುತ್ತೇನೆ. ಆದರೆ ಹೊಸ ಪಿಎಲ್‌ಸಿಯಿಂದ ಸ್ಕಾಡಾಗೆ (ಇಡೀ ಪ್ಲಾಂಟ್ ನೋಡುವ ಕಂಪ್ಯೂಟರ್ ಸಾಫ್ಟ್‌ವೇರ್) ಹೋಗುವಾಗಲೂ ಜನ ನಂಬರ್ ಮ್ಯಾಪ್ ಮಾಡುತ್ತ ಕೂರುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ನಡುವೆ ಒಂದು ವೇರಿಯಬಲ್ ಸೇರಿಸಿದರೆ ಕೆಳಗಿನದ್ದೆಲ್ಲ ಸರಿಯುತ್ತದೆ. ಸ್ಕಾಡಾಗೆ ಅದು ಗೊತ್ತೇ ಆಗುವುದಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ
ತೇಜಸ್ ಹೇಳಿದ ಇದೇ ಕಾರಣಕ್ಕೆ ಸೀಮೆನ್ಸ್‌ನ ಎಸ್7-1200, ಎಸ್7-1500ರಲ್ಲಿ ಆಪ್ಟಿಮೈಸ್ಡ್ ಬ್ಲಾಕ್ ಬಂತು. ಅದರಲ್ಲಿ ಡೇಟಾ ಬ್ಲಾಕ್ ಒಳಗೆ ವೇರಿಯಬಲ್‌ಗೆ ಆಫ್‌ಸೆಟ್ಟೇ (ನಿಗದಿತ ಜಾಗದ ನಂಬರ್) ಇಲ್ಲ, ಹೆಸರು ಮಾತ್ರ. ಆದರೆ ಹಳೇ ಥರ ಪುಟ್, ಗೆಟ್ ಬಳಸಿ ಆಫ್‌ಸೆಟ್ ಮೇಲೆ ಓದುವ ಸಾಫ್ಟ್‌ವೇರ್‌ಗೆ ಆ ಬ್ಲಾಕ್ ಸಿಗುವುದಿಲ್ಲ. ಆಗ ಎರಡು ಕೆಲಸ ಮಾಡಬೇಕು. ಆ ಬ್ಲಾಕ್‌ಗೆ ಆಪ್ಟಿಮೈಸ್ಡ್ ಆಕ್ಸೆಸ್ ಟಿಕ್ ತೆಗೆಯಬೇಕು, ಸಿಪಿಯು ಸೆಟಿಂಗ್‌ನಲ್ಲಿ ಪುಟ್ ಗೆಟ್‌ಗೆ ಅನುಮತಿ ಕೊಡಬೇಕು. ‘ಎಸ್7 ಕನೆಕ್ಟ್ ಆಗುತ್ತದೆ, ಡೇಟಾ ಬರುವುದಿಲ್ಲ’ ಅಂತ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ.

ಎಸ್7 ಪ್ರೊಟೊಕಾಲ್ ಟಿಸಿಪಿ ಪೋರ್ಟ್ 102 ಮೇಲೆ ಹೋಗುತ್ತದೆ. ಅದರಲ್ಲಿ ಅಡ್ರೆಸ್ ಇಡುವ ರೀತಿ ನನಗೆ ಇಷ್ಟ. ಬೈಟ್ ನಂಬರನ್ನು 8ರಿಂದ ಗುಣಿಸಿ ಬಿಟ್ ನಂಬರ್ ಕೂಡಿಸುತ್ತಾರೆ. 10.3 ಅಂದರೆ 83. ಬಿಟ್, ಬೈಟ್, ವರ್ಡ್ ಎಲ್ಲಕ್ಕೂ ಒಂದೇ ಅಳತೆ. ಮಾಡ್‌ಬಸ್‌ನಲ್ಲಿ ಕಾಯಿಲ್‌ಗೆ ಬೇರೆ ಲೆಕ್ಕ, ರಿಜಿಸ್ಟರ್‌ಗೆ ಬೇರೆ ಲೆಕ್ಕ.

ಸೀಮೆನ್ಸ್‌ಗೆ ಹೊಸದಾಗಿ ಬಂದವರು ಎಡವುವುದು ಓವರ್‌ಲ್ಯಾಪ್‌ನಲ್ಲಿ. ಎಂಡಬ್ಲ್ಯೂ0 (ಮೆಮೊರಿ ವರ್ಡ್ 0) ಅಂದರೆ ಬೈಟ್ 0 ಮತ್ತು 1. ಎಂಡಬ್ಲ್ಯೂ1 ಅಂದರೆ ಬೈಟ್ 1 ಮತ್ತು 2. ಎರಡಕ್ಕೂ ಬರೆದರೆ ಒಂದರ ಮೇಲೆ ಒಂದು ಬೀಳುತ್ತದೆ. ಕೋಡೆಸಿಸ್ ಅನ್ನುವ ಪಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ ಅದೇ ಎಂಡಬ್ಲ್ಯೂ1 ಅಂದರೆ ಬೈಟ್ 2 ಮತ್ತು 3. ಬರೆಯುವುದು ಒಂದೇ ಥರ, ಜಾಗ ಬೇರೆ. ಇಲ್ಲಿ ಜರ್ಮನಿಯಲ್ಲಿ ಹಳೇ ಪ್ರೋಗ್ರಾಂಗಳಲ್ಲಿ ಇನ್‌ಪುಟ್‌ಗೆ ಇ, ಔಟ್‌ಪುಟ್‌ಗೆ ಎ ಅಂತ ಇರುತ್ತದೆ. ನಮ್ಮಲ್ಲಿ ಐ ಮತ್ತು ಕ್ಯೂ.

ಡಿಪ್ಲೊಮಾ_ಹುಡುಗಿ
ನಮಸ್ತೆ. ನಾನು ಇನ್ನೂ ಓದುತ್ತಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ ಡೆಲ್ಟಾ ಡಿವಿಪಿ ಪಿಎಲ್‌ಸಿ ಇದೆ. ಡಿ0 (ಮೊದಲ ಡೇಟಾ ರಿಜಿಸ್ಟರ್) ಓದಬೇಕು ಅಂತ 0 ಅಡ್ರೆಸ್ ಕೊಟ್ಟರೆ ಬರುವುದಿಲ್ಲ, 1 ಕೊಟ್ಟರೂ ಬರುವುದಿಲ್ಲ. ಇಲ್ಲಿ 0, 1 ಎರಡೂ ಅಲ್ಲವಾ? ಇನ್ನೊಂದು ಪ್ರಶ್ನೆ, ಅದರ ಇನ್‌ಪುಟ್‌ಗಳಲ್ಲಿ ಎಕ್ಸ್7 ಆದ ಮೇಲೆ ಎಕ್ಸ್10 ಇದೆ. ಎಕ್ಸ್8, ಎಕ್ಸ್9 ಯಾಕಿಲ್ಲ?

ಲ್ಯಾಡರ್_ಲಕ್ಷ್ಮಿ
ಒಳ್ಳೆಯ ಪ್ರಶ್ನೆ ಪುಟ್ಟಿ. ಡೆಲ್ಟಾದವರು ತಮ್ಮ ಮೆಮೊರಿಯನ್ನು ಮಾಡ್‌ಬಸ್‌ನ ಬೇರೆ ಬೇರೆ ಜಾಗಗಳಿಗೆ ಹಂಚಿದ್ದಾರೆ. ಡಿವಿಪಿಯಲ್ಲಿ ಡಿ0 ಕೂರುವುದು 1000 ಹೆಕ್ಸ್‌ನಲ್ಲಿ, ಅಂದರೆ 4096. ಡಿ100 ಬೇಕಾದರೆ 4196. 1ರಿಂದ ಎಣಿಸುವ ಸಾಫ್ಟ್‌ವೇರ್ ಆದರೆ ಡಿ0ಗೆ 44097 ಕೊಡಬೇಕು. ಎಂ0 (ಒಳಗಿನ ಮೆಮೊರಿ ಬಿಟ್) ಇರುವುದು 800 ಹೆಕ್ಸ್‌ನಲ್ಲಿ, ಅಂದರೆ 2048. ಎಕ್ಸ್0 ಇರುವುದು 400 ಹೆಕ್ಸ್‌ನಲ್ಲಿ, ವೈ0 (ಔಟ್‌ಪುಟ್) 500 ಹೆಕ್ಸ್‌ನಲ್ಲಿ. ಇನ್ನೊಂದು ಎಚ್ಚರ: ಡಿ4096ರಿಂದ ಮುಂದಿನವು ಸಾಲಾಗಿ ಬರುವುದಿಲ್ಲ, ಅವು 9000 ಹೆಕ್ಸ್‌ನಿಂದ ಶುರು.

ಎಕ್ಸ್8 ಇಲ್ಲದಿರುವುದಕ್ಕೆ ಕಾರಣ ಆಕ್ಟಲ್. 0ಯಿಂದ 7ರವರೆಗೆ ಎಂಟು ಅಂಕಿ ಮಾತ್ರ. ಎಕ್ಸ್10 ಅಂದರೆ ಒಂಬತ್ತನೇ ಇನ್‌ಪುಟ್. ಹಾಗಾಗಿ ಎಕ್ಸ್10ರ ಮಾಡ್‌ಬಸ್ ಅಡ್ರೆಸ್ 408 ಹೆಕ್ಸ್, 410 ಅಲ್ಲ. ಪರೀಕ್ಷೆಗೂ ಇದು ಬರಬಹುದು.

ಬಿಟ್_ಬಸವ
ಮಿತ್ಸುಬಿಷಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಎಫ್ಎಕ್ಸ್ ಸರಣಿಯಲ್ಲಿ ಎಕ್ಸ್, ವೈ ಆಕ್ಟಲ್. ಅದೇ ಕಂಪನಿಯ ಕ್ಯೂ ಸರಣಿಯಲ್ಲಿ ಎಕ್ಸ್, ವೈ ಹೆಕ್ಸ್. ಎರಡರಲ್ಲೂ ಡಿ ಮತ್ತು ಎಂ ಮಾತ್ರ ದಶಮಾನ. ಕ್ಯೂನಲ್ಲಿ ಲಿಂಕ್ ರಿಜಿಸ್ಟರ್ ಡಬ್ಲ್ಯೂ ಮತ್ತೆ ಹೆಕ್ಸ್. ಎಕ್ಸ್10 ಅಂತ ಬರೆದಿದ್ದರೆ ಎಫ್ಎಕ್ಸ್‌ನಲ್ಲಿ ಅದು ಒಂಬತ್ತನೇ ಇನ್‌ಪುಟ್, ಕ್ಯೂನಲ್ಲಿ ಹದಿನೇಳನೇದು. ಎಫ್ಎಕ್ಸ್‌ನಿಂದ ಕ್ಯೂಗೆ ಪ್ರೋಗ್ರಾಂ ಬದಲಿಸುವಾಗ ವೈರಿಂಗ್ ಡ್ರಾಯಿಂಗ್ ಎದುರಿಗೆ ಇಟ್ಟುಕೊಂಡೇ ಕೂತುಕೊಳ್ಳಿ.

ಹಳೇ_ಮಾಡಿಕಾನ್
ಆಲನ್ ಬ್ರಾಡ್ಲಿಯ ಪಿಎಲ್‌ಸಿ-5ರಲ್ಲೂ ಇನ್‌ಪುಟ್ ಔಟ್‌ಪುಟ್ ಆಕ್ಟಲ್‌ನಲ್ಲೇ ಇದ್ದವು. ಎನ್7:0, ಎಫ್8:0, ಬಿ3:0 ಅಂತ ಫೈಲ್ ನಂಬರ್ ಜೊತೆ ಡೇಟಾ ಇಡುವ ರೀತಿಯೂ ಅದರದ್ದೇ. ಎನ್ ಅಂದರೆ ಇಂಟಿಜರ್, ಎಫ್ ಅಂದರೆ ಫ್ಲೋಟ್. ಅಡ್ರೆಸ್ ನೋಡಿದರೆ ಡೇಟಾದ ಜಾತಿ ಗೊತ್ತಾಗುತ್ತಿತ್ತು. ಮಾಡ್‌ಬಸ್‌ನಲ್ಲಿ ಆ ಸೌಕರ್ಯ ಇಲ್ಲ.

ಡಿಪ್ಲೊಮಾ_ಹುಡುಗಿ
4096 ಕೊಟ್ಟೆ, ಡಿ0 ಬಂತು! ಥ್ಯಾಂಕ್ಯೂ ಅಕ್ಕ. ನಮ್ಮ ಪಠ್ಯದಲ್ಲಿ 40001 ಮಾತ್ರ ಇದೆ, ಇದೆಲ್ಲ ಇಲ್ಲ.

ಸೋಲಾರ್_ತುಮಕೂರು
ನಮ್ಮ ಇನ್ವರ್ಟರ್ ಕಥೆಯೂ ಸೇರಿಸುತ್ತೇನೆ. ಸನ್‌ಸ್ಪೆಕ್ ಅಂತ ಒಂದು ಒಪ್ಪಂದ ಇದೆ. ಅದರ ಪ್ರಕಾರ ರಿಜಿಸ್ಟರ್ ಪಟ್ಟಿ 40000 ಅಡ್ರೆಸ್‌ನಿಂದ ಶುರುವಾಗಬಹುದು, ಅಥವಾ 50000, ಅಥವಾ 0. ಇಲ್ಲಿ 40000 ಅಂದರೆ ನಿಜವಾಗಿಯೂ ವೈರ್ ಮೇಲೆ 40000 ಹೋಗಬೇಕು. ಮುಂದಿನ 4 ತೆಗೆದು 0 ಕಳಿಸಿದರೆ ಆಗುವುದಿಲ್ಲ. ಐದಂಕಿ ಪದ್ಧತಿಯ ಎಚ್‌ಎಂಐನಲ್ಲಿ ಅದನ್ನು ಬರೆಯಲಿಕ್ಕೇ ಬರುವುದಿಲ್ಲ. 440001 ಅಂತ ಆರಂಕಿ ಬೇಕು.

ಹಳೇ_ಮಾಡಿಕಾನ್
ಸರಿ. ಐದಂಕಿಯಲ್ಲಿ 40001ರಿಂದ 49999ರವರೆಗೆ 9999 ರಿಜಿಸ್ಟರ್ ಮಾತ್ರ. ಪ್ರೊಟೊಕಾಲ್‌ನಲ್ಲಿ ಜಾಗ 65536ಕ್ಕೆ ಇದೆ. ಅದಕ್ಕೇ ಆಮೇಲೆ 400001ರಿಂದ 465536ರವರೆಗಿನ ಆರಂಕಿ ರೂಪ ಬಂತು.

ಸೋಲಾರ್_ತುಮಕೂರು
ಹೌದು ಸರ್. ಸನ್‌ಸ್ಪೆಕ್‌ನವರು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಲೇಬೇಕು. ಪಟ್ಟಿಯ ಮೊದಲ ಎರಡು ರಿಜಿಸ್ಟರ್‌ನಲ್ಲಿ ಯಾವಾಗಲೂ 21365 ಮತ್ತು 28243 ಇರುತ್ತದೆ. ಅಕ್ಷರಗಳಾಗಿ ಓದಿದರೆ ‘ಸನ್ಸ್’. ಓದಿ ನೋಡಿದರೆ ಆಯ್ತು. ಆ ಎರಡು ನಂಬರ್ ಬಂದರೆ ಅಡ್ರೆಸ್ ಸರಿ, ಬೈಟ್ ಆರ್ಡರ್ ಸರಿ. ಒಂದು ಸರಿದಿದ್ದರೆ 28243 ಮೊದಲು ಕಾಣುತ್ತದೆ, ತಕ್ಷಣ ಗೊತ್ತಾಗುತ್ತದೆ. ಎಲ್ಲ ಮೀಟರ್ ಕಂಪನಿಗಳೂ ಇಂಥ ಒಂದು ಗುರುತಿನ ರಿಜಿಸ್ಟರ್ ಇಟ್ಟರೆ ಈ ಥರದ ಚರ್ಚೆಯೇ ಬೇಕಾಗುವುದಿಲ್ಲ.

ಎಚ್ಎಂಐ_ಹರ್ಷ
ಇದು! ನಾನು ಹೇಳುತ್ತಿದ್ದದ್ದು ಇದನ್ನೇ. ಮಾಡಬೇಕು ಅಂದರೆ ಮಾಡಬಹುದು. ಮನಸ್ಸು ಬೇಕು ಅಷ್ಟೇ.

ಲ್ಯಾಡರ್_ಲಕ್ಷ್ಮಿ
ಹರ್ಷ, ಈ ವಿಷಯದಲ್ಲಿ ನಾನು ನಿಮ್ಮ ಕಡೆ. ಸ್ಪೆಸಿಫಿಕೇಷನ್ ಓದದವನದ್ದೇ ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಅಡ್ರೆಸ್ ಅಂತ ಬರೀ ಒಂದು ನಂಬರ್ ಕೊಟ್ಟರೆ ಅದು ಅರ್ಧ ಮಾಹಿತಿ. ನಾನು ಮಾಡುವ ಪ್ರತಿ ಪ್ರಾಜೆಕ್ಟ್‌ನ ರಿಜಿಸ್ಟರ್ ಶೀಟ್‌ನಲ್ಲಿ ಫಂಕ್ಷನ್ ಕೋಡ್, 0ಯಿಂದ ಎಣಿಸಿದ ಅಡ್ರೆಸ್ ದಶಮಾನದಲ್ಲಿ, ಡೇಟಾ ಟೈಪ್, ವರ್ಡ್ ಆರ್ಡರ್, ಸ್ಕೇಲ್ ಎಲ್ಲಕ್ಕೂ ಬೇರೆ ಬೇರೆ ಕಾಲಂ ಇರುತ್ತದೆ. ಕೊನೆಯ ಕಾಲಂನಲ್ಲಿ ಟೆಸ್ಟ್ ಮಾಡಿದಾಗ ಕಂಡ ಕಚ್ಚಾ ಇಂಟಿಜರ್ ಬರೆಯುತ್ತೇನೆ. ನಾನು ಕೆಲಸ ಬಿಟ್ಟು ಹೋದ ಮೇಲೂ ಬೇರೆ ಯಾರೋ ಬಂದು ಅದೇ ನಂಬರ್ ಹೊಂದಿಸಿ ನೋಡಬಹುದು.

ಅರ್ಥಿಂಗ್_ಅಣ್ಣ
ಆ ಶೀಟ್‌ನ ಖಾಲಿ ನಮೂನೆ ಇಲ್ಲಿ ಹಾಕಿ ತಂಗಿ. ನಮ್ಮ ಹುಡುಗರಿಗೂ ಕೊಡುತ್ತೇನೆ.

ಕ್ಯಾಲಿಬ್ರೇಷನ್_ಕಿರಣ
ಪರ್ಚೇಸ್ ಆರ್ಡರ್‌ನಲ್ಲೇ ಈ ಕಾಲಂಗಳನ್ನು ಕೇಳಬಹುದಾ? ಶೀಟ್ ಕೊಡದಿದ್ದರೆ ಮಾಲು ತೆಗೆದುಕೊಳ್ಳುವುದಿಲ್ಲ ಅಂತ?

ಹುಬ್ಬಳ್ಳಿ_ಡ್ರೈವ್ಸ್
ಕೇಳಬಹುದು, ಕೇಳಲೇಬೇಕು. ದೊಡ್ಡ ಫ್ಯಾಕ್ಟರಿಯವರು ಕೇಳುತ್ತಾರೆ. ಸಣ್ಣವರು ಬೆಲೆ ಮಾತ್ರ ನೋಡುತ್ತಾರೆ, ಆಮೇಲೆ ಕಮಿಷನಿಂಗ್ ಮಾಡುವವನ ದಿನ ಹಾಳಾಗುತ್ತದೆ. ಆ ದಿನದ ದುಡ್ಡನ್ನು ಯಾರೂ ಕೊಡುವುದಿಲ್ಲ.

ಪ್ಯಾನೆಲ್_ಪೀಣ್ಯ
ಇನ್ನೊಂದು ಸಣ್ಣ ಪ್ರಶ್ನೆ. ಇದೇ ಲೈನ್‌ಗೆ ಎರಡನೇ ಮೀಟರ್ ಸೇರಿಸಿದೆ, ಬೇರೆ ಕಂಪನಿಯದ್ದು. 485ರ ಎರಡು ವೈರ್‌ಗಳನ್ನು ಎಗೆ ಎ, ಬಿಗೆ ಬಿ ಕೊಟ್ಟಿದ್ದೇನೆ. ಸ್ಲೇವ್ (ಮೀಟರ್) ನಂಬರ್ 2, ಬಾಡ್ ರೇಟ್, ಪ್ಯಾರಿಟಿ ಎಲ್ಲ ನೋಡಿದೆ. ಬರೀ ಟೈಮ್‌ಔಟ್. ಮೊದಲನೇ ಮೀಟರ್ ಚೆನ್ನಾಗಿ ಓದುತ್ತಿದೆ.

ಅರ್ಥಿಂಗ್_ಅಣ್ಣ
ಎರಡನೇ ಮೀಟರ್‌ನಲ್ಲಿ ಮಾತ್ರ ಎ, ಬಿ ಅದಲು ಬದಲು ಮಾಡಿ ನೋಡಿ. ಯಾವುದು ಪ್ಲಸ್, ಯಾವುದು ಮೈನಸ್ ಅನ್ನುವುದರಲ್ಲಿ ಕಂಪನಿಗಳಲ್ಲಿ ಒಮ್ಮತ ಇಲ್ಲ. ಒಬ್ಬರ ಎ ಇನ್ನೊಬ್ಬರ ಬಿ. ಅದಲು ಬದಲು ಮಾಡಿದರೆ ಏನೂ ಸುಡುವುದಿಲ್ಲ, ಧೈರ್ಯವಾಗಿ ಮಾಡಿ.

ಪ್ಯಾನೆಲ್_ಪೀಣ್ಯ
ಬಂತು ಅಣ್ಣ! ಇದರಲ್ಲಿ ರಿಜಿಸ್ಟರ್‌ಗಳು 30001ರಿಂದ ಶುರು ಅಂತ ಬರೆದಿದೆ. ಫಂಕ್ಷನ್ ಕೋಡ್ 4, ಅಡ್ರೆಸ್ 0 ಅಲ್ವಾ?

ಲ್ಯಾಡರ್_ಲಕ್ಷ್ಮಿ
ಹೌದು, 4 ಮತ್ತು 0. ಫ್ಲೋಟ್ ಮಾಡುವ ಮುಂಚೆ ಮೊದಲ ಎಂಟು ರಿಜಿಸ್ಟರ್ ಇಂಟಿಜರ್ ಆಗಿ ಓದಿ ಇಲ್ಲಿ ಹಾಕಿ. ವರ್ಡ್ ಆರ್ಡರ್ ಯಾವುದು ಅಂತ ಎಲ್ಲರೂ ಸೇರಿ ನೋಡೋಣ.